ಡಾಕ್ಟ್ರು ಮುಟ್ಟಿ ನೋಡಿದರೆ ಏನು ತಿಳಿಯುತ್ತದೆ?

"ಡಾಕ್ಟ್ರು ಸರಿಯಾಗಿ ನೋಡಲೇ ಇಲ್ಲ." ಆಸ್ಪತ್ರೆಯಿಂದ ಹೊರಗೆ ಬಂದವರು ಹೀಗೆ ಗೊಣಗುವುದನ್ನು ಕೇಳದವರು ಕಡಿಮೆ. ವಿಚಾರಿಸಿದರೆ ಆ ಡಾಕ್ಟ್ರು ಕೇಳಬೇಕಾದ್ದನ್ನೆಲ್ಲ ಕೇಳಿರುತ್ತಾರೆ, ರಿಪೋರ್ಟುಗಳನ್ನು ತಿರುವಿ ಹಾಕಿರುತ್ತಾರೆ, ಮಾತ್ರೆಯನ್ನೂ ಬರೆದುಕೊಟ್ಟಿರುತ್ತಾರೆ. ಆದರೂ ಸಮಾಧಾನ ಇಲ್ಲ. ಯಾಕೆಂದರೆ ಹೊಟ್ಟೆನೋವು ಅಂತ ಹೋದವರ ಹೊಟ್ಟೆಯ ಮೇಲೆ ಯಾರೂ ಕೈ ಇಟ್ಟಿಲ್ಲ.

ಇದೆಲ್ಲ ಬರೀ ಮನಸ್ಸಿನ ಸಮಾಧಾನದ ಮಾತು ಅನ್ನುವವರಿದ್ದಾರೆ. ಸ್ಕ್ಯಾನ್ ಇದೆ, ರಕ್ತಪರೀಕ್ಷೆ ಇದೆ, ಒಂದು ಕೈ ಒತ್ತಿ ನೋಡಿ ಕಂಡುಹಿಡಿಯುವುದೇನು ಅಂತ ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. ಡಾಕ್ಟ್ರ ಕೈ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ರೋಗವನ್ನು ಹುಡುಕುತ್ತದೆ, ಹಾಗೆಯೇ ರೋಗಿಯ ಬಾಯಿ ಬಿಡಿಸುತ್ತದೆ. ನನ್ನ ಪ್ರಕಾರ ಈ ಎರಡನ್ನು ಬೇರೆ ಮಾಡಿ ಅಳೆಯಲು ಹೋದಾಗಲೇ ಎಡವಟ್ಟಾಗುವುದು.

ಹೊಟ್ಟೆ ಒತ್ತಿ ನೋಡುವಾಗ

ಹೊಟ್ಟೆನೋವಿನ ಉದಾಹರಣೆಯನ್ನೇ ಹಿಡಿಯೋಣ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಸ್ವಲ್ಪ ಮಡಿಸಿಕೊಳ್ಳಿ ಅನ್ನುತ್ತಾರೆ. ಆಗ ಹೊಟ್ಟೆಯ ಸ್ನಾಯು ಸಡಿಲವಾಗುತ್ತದೆ. ಅನುಭವ ಇರುವವರು ಮೊದಲು ತಮ್ಮ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಇದು ಬರೀ ಮರ್ಯಾದೆಗಲ್ಲ. ತಣ್ಣನೆಯ ಕೈ ತಗುಲಿದರೆ ಹೊಟ್ಟೆ ತಾನಾಗಿ ಬಿಗಿಯಾಗುತ್ತದೆ, ಆಮೇಲೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಎಲ್ಲಿ ನೋವು ಅಂತ ಕೇಳಿಕೊಂಡು, ಆ ಜಾಗವನ್ನು ಕೊನೆಗೆ ಉಳಿಸಿ, ದೂರದಿಂದ ಶುರು ಮಾಡುತ್ತಾರೆ. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಆಳಕ್ಕೆ. ಕೈ ಹೊಟ್ಟೆಯ ಮೇಲಿದ್ದರೂ ಕಣ್ಣು ರೋಗಿಯ ಮುಖದ ಮೇಲಿರುತ್ತದೆ. ಬಾಯಲ್ಲಿ "ಪರವಾಗಿಲ್ಲ" ಅಂದರೂ ಹುಬ್ಬು ಗಂಟಿಕ್ಕಿದ್ದು ತಪ್ಪಿಸಿಕೊಳ್ಳುವುದಿಲ್ಲ.

ಇಲ್ಲಿ ಡಾಕ್ಟ್ರು ಹುಡುಕುವುದು ನೋವನ್ನು ಮಾತ್ರ ಅಲ್ಲ. ಹೆದರಿಕೆಯಿಂದ ನಾವೇ ಬಿಗಿ ಮಾಡಿಕೊಂಡ ಹೊಟ್ಟೆ ಒಂದು ಥರ. ಮಾತಿಗೆಳೆದರೆ, ಉಸಿರು ಬಿಡಿ ಅಂದರೆ ಅದು ಸಡಿಲವಾಗುತ್ತದೆ. ಒಳಗಿನ ಪೊರೆಗೆ ಉರಿಯೂತ ಬಂದು ತಾನಾಗಿ ಬಿಗಿಯಾದ ಹೊಟ್ಟೆ ಬೇರೆ ಥರ. ಅದು ಏನು ಮಾಡಿದರೂ ಸಡಿಲವಾಗದೆ ಹಲಗೆಯ ಹಾಗೆ ಗಟ್ಟಿಯಾಗಿರಬಹುದು. ಈ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಎರಡನೆಯದಾದರೆ ಅದು ನಾಳೆಗೆ ಹಾಕುವ ಕೆಲಸವಲ್ಲ.

ಅಪೆಂಡಿಕ್ಸ್ ಊದಿಕೊಂಡಾಗ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಹೊಟ್ಟೆಗೆ ಸರಿಯುತ್ತದೆ. ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಹೊಕ್ಕುಳವರೆಗೆ ಒಂದು ಗೆರೆ ಊಹಿಸಿಕೊಳ್ಳಿ. ಮೂಳೆಯ ಕಡೆಯಿಂದ ಮೂರರಲ್ಲಿ ಒಂದು ಭಾಗ ಬಂದರೆ ಅಲ್ಲೊಂದು ಬಿಂದು. ಅಮೆರಿಕದ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಅದನ್ನು ಗುರುತಿಸಿದರು. ಇವತ್ತಿಗೂ ಅದು ಅವರ ಹೆಸರಿನಲ್ಲೇ ಇದೆ, ಇವತ್ತಿಗೂ ಡಾಕ್ಟ್ರ ಬೆರಳು ಅಲ್ಲಿಗೇ ಹೋಗುತ್ತದೆ. ಕೆಲವರು ನಿಧಾನವಾಗಿ ಒತ್ತಿ, ಪಟ್ಟನೆ ಕೈ ತೆಗೆದು ನೋಡುತ್ತಾರೆ. ಒತ್ತಿದಾಗಿಗಿಂತ ಬಿಟ್ಟಾಗ ನೋವು ಜಾಸ್ತಿಯಾದರೆ ಒಳಪೊರೆ ಕೆರಳಿದೆ ಅಂತ ಸುಳಿವು.

ಇನ್ನೊಂದು ಜಾಣತನವೂ ಇದೆ. ರೋಗಿಗೆ ನೋವು ನಿಜವಾಗಿ ಎಷ್ಟಿದೆ ಅಂತ ಅನುಮಾನ ಬಂದರೆ ಡಾಕ್ಟ್ರು ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುವಂತೆ ನಿಲ್ಲುತ್ತಾರೆ. ಕೇಳುತ್ತಲೇ ಮೆಲ್ಲಗೆ ಅದನ್ನು ಒಳಗೆ ಒತ್ತುತ್ತಾರೆ. ಸದ್ದು ಕೇಳುತ್ತಿದ್ದಾರೆ ಅಂದುಕೊಂಡ ರೋಗಿಯ ಗಮನ ಬೇರೆ ಕಡೆ ಇರುತ್ತದೆ. ಕೈ ಒತ್ತಿದಾಗ ಚೀರಿದ ಜಾಗದಲ್ಲೇ ಈಗ ಸುಮ್ಮನಿದ್ದರೆ, ನೋವಿನ ಜೊತೆ ಭಯವೂ ಸೇರಿಕೊಂಡಿದೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ.

ನಾಡಿ ನೋಡುವಾಗಲೂ ಇಂಥದ್ದೇ ಒಂದು ಉಪಾಯ ನಡೆಯುತ್ತದೆ, ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಉಸಿರು ಎಣಿಸುತ್ತೇನೆ ಅಂತ ಹೇಳಿದರೆ ಸಾಕು, ಯಾರ ಉಸಿರಾಟವೂ ಮೊದಲಿನಂತೆ ಇರುವುದಿಲ್ಲ. ಅದಕ್ಕೆ ಡಾಕ್ಟ್ರೋ ನರ್ಸೋ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯುವುದಿಲ್ಲ. ಇನ್ನೂ ನಾಡಿ ನೋಡುತ್ತಿದ್ದಾರೆ ಅಂತ ನಾವು ಸುಮ್ನೆ ಕೂತಿರುತ್ತೇವೆ, ಅವರು ನಮ್ಮ ಎದೆ ಏರಿ ಇಳಿಯುವುದನ್ನು ಎಣಿಸುತ್ತಿರುತ್ತಾರೆ. ನಾಡಿ ತಾಳ ತಪ್ಪಿ, ಯಾವ ಲೆಕ್ಕಕ್ಕೂ ಸಿಗದೆ ಬಡಿಯುತ್ತಿದ್ದರೆ ಹೃದಯದ ಮೇಲಿನ ಕೋಣೆಗಳು ನಡುಗುತ್ತಿರಬಹುದು. ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಈ ತೊಂದರೆಯಿಂದ ಪಾರ್ಶ್ವವಾಯು ಬರುವ ಅಪಾಯ ಜಾಸ್ತಿ. ಬೇರೆ ಯಾವುದಕ್ಕೋ ಬಂದವರಲ್ಲಿ ಅದರ ಮೊದಲ ಸುಳಿವು ಮೂರು ಬೆರಳಿಗೆ ಸಿಗಬಹುದು. ಖಚಿತ ಮಾಡಿಕೊಳ್ಳಲು ಇಸಿಜಿ ಬೇಕೇ ಬೇಕು, ಆದರೆ ಇಸಿಜಿ ಮಾಡಿಸಬೇಕು ಅಂತ ಹೊಳೆಯುವುದು ನಾಡಿ ಹಿಡಿದಾಗ.

ಕುತ್ತಿಗೆಯ ಗಂಟು ಮೆತ್ತಗಿದೆಯೋ, ರಬ್ಬರಿನಂತಿದೆಯೋ, ಕಲ್ಲಿನಂತೆ ಗಟ್ಟಿಯಾಗಿ ಅಂಟಿಕೊಂಡಿದೆಯೋ, ಕಾಲಿನ ಊತ ಒತ್ತಿದರೆ ಗುಳಿ ಬೀಳುತ್ತದೆಯೋ ಇಲ್ಲವೋ, ಕೀಲು ಬಿಸಿಯಾಗಿದೆಯೋ, ಇವೆಲ್ಲ ಕ್ಷಣದಲ್ಲಿ ತಿಳಿಯುವ ವಿಷಯಗಳು.

ಸಕ್ಕರೆ ಕಾಯಿಲೆ ಇರುವವರ ಪಾದದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಲ್ಲಿ ಡಾಕ್ಟ್ರು ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತುತ್ತಾರೆ. 10 ಗ್ರಾಂ ಭಾರ ಬಿದ್ದಾಗ ಬಾಗುವಂತೆ ಅದನ್ನು ಮಾಡಿರುತ್ತಾರೆ. ರೋಗಿ ಕಣ್ಣು ಮುಚ್ಚಿಕೊಂಡು, ತಗುಲಿದ್ದು ಗೊತ್ತಾದಾಗ ಹೇಳಬೇಕು. ಎಳೆ ಬಾಗಿದರೂ ಗೊತ್ತಾಗಲಿಲ್ಲ ಅಂದರೆ ಆ ಪಾದಕ್ಕೆ ಮುಳ್ಳು ಚುಚ್ಚಿದರೂ, ಚಪ್ಪಲಿ ಉಜ್ಜಿ ಗಾಯವಾದರೂ ತಿಳಿಯದೇ ಇರಬಹುದು. ರಕ್ತದ ಸಕ್ಕರೆಯ ಅಂಕಿ ಇದನ್ನು ಹೇಳುವುದಿಲ್ಲ. ಸಾಕ್ಸ್ ಬಿಚ್ಚಿಸಿ ಪಾದ ಮುಟ್ಟದೆ ಇದು ಗೊತ್ತಾಗುವ ದಾರಿ ಇಲ್ಲ. ಎಷ್ಟೋ ಸಲ ಆ ಸಾಕ್ಸ್ ಬಿಚ್ಚಿಸುವುದೇ ಇಲ್ಲ ಅನ್ನುವುದು ಬೇಸರದ ಸಂಗತಿ.

ಮುಟ್ಟದೇ ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಅಮೆರಿಕದ ಡಾಕ್ಟ್ರು ಎಬ್ರಹಾಂ ವರ್ಗೀಸ್ ಮತ್ತು ಜೊತೆಗಾರರು ಡಾಕ್ಟ್ರುಗಳಿಂದಲೇ ಘಟನೆಗಳನ್ನು ಬರೆಸಿ ತರಿಸಿಕೊಂಡರು. ದೇಹಪರೀಕ್ಷೆಯಲ್ಲಿ ಆದ ಲೋಪದಿಂದ ರೋಗಿಗೆ ತೊಂದರೆಯಾದ 208 ಪ್ರಸಂಗಗಳು ಬಂದವು. ಅದರ ವರದಿ 2015ರಲ್ಲಿ ಬಂತು. ಪರೀಕ್ಷೆ ಮಾಡಿ ತಪ್ಪು ಅರ್ಥ ಮಾಡಿಕೊಂಡದ್ದು ಕಡಿಮೆ. ನೂರರಲ್ಲಿ 63 ಪ್ರಸಂಗಗಳಲ್ಲಿ ಪರೀಕ್ಷೆಯನ್ನೇ ಮಾಡಿರಲಿಲ್ಲ! ಇವು ಡಾಕ್ಟ್ರುಗಳು ನೆನಪು ಮಾಡಿಕೊಂಡು ಕಳಿಸಿದ ಪ್ರಸಂಗಗಳು, ಎಲ್ಲ ಆಸ್ಪತ್ರೆಗಳ ಲೆಕ್ಕ ಅಲ್ಲ. ಆದರೂ ತಪ್ಪು ಎಲ್ಲಿ ಆಗುತ್ತಿದೆ ಅನ್ನುವುದು ಸ್ಪಷ್ಟ.

ದೂರ ಸರಿದ ಕೈ

ಮುಟ್ಟಿ ನೋಡುವುದು ಅನಾದಿ ಕಾಲದ್ದು ಅಂದುಕೊಳ್ಳುತ್ತೇವೆ. ನಾಡಿ ಹಿಡಿಯುವುದು ಹಳೆಯದು, ನಿಜ. ಆದರೆ ಈಗ ಕಾಣುವ ಪರೀಕ್ಷೆಯ ಬಹುಪಾಲು ಮೂರು ಶತಮಾನ ಕೂಡ ಹಳೆಯದಲ್ಲ. ಎದೆಯ ಮೇಲೆ ಬೆರಳಿನಿಂದ ಬಡಿದು ಸದ್ದು ಕೇಳುವ ಕ್ರಮವನ್ನು ಆಸ್ಟ್ರಿಯಾದ ಡಾಕ್ಟ್ರು ಲಿಯೋಪೋಲ್ಡ್ ಆವೆನ್‌ಬ್ರುಗ್ಗರ್ 1761ರಲ್ಲಿ ಬರೆದು ಪ್ರಕಟಿಸಿದರು. ಅವರ ತಂದೆ ಹೋಟೆಲು ನಡೆಸುತ್ತಿದ್ದವರು. ಪೀಪಾಯಿ ಬಡಿದು ಒಳಗೆಷ್ಟು ಉಳಿದಿದೆ ಅಂತ ನೋಡುವುದು ಮಗನಿಗೆ ಅಲ್ಲಿಂದಲೇ ಬಂದದ್ದು ಅಂತ ಹೇಳುತ್ತಾರೆ. ಗಾಳಿ ತುಂಬಿದ ಶ್ವಾಸಕೋಶ ಟೊಳ್ಳು ಸದ್ದು ಕೊಡುತ್ತದೆ, ನೀರು ತುಂಬಿದ ಕಡೆ ಮಂಕು ಸದ್ದು. ಸುಮಾರು ಐವತ್ತು ವರ್ಷ ಅದನ್ನು ಹೆಚ್ಚು ಜನ ಗಮನಿಸಲಿಲ್ಲ.

1816ರಲ್ಲಿ ಪ್ಯಾರಿಸ್‌ನ ರೆನೆ ಲೇನೆಕ್ ಎದುರಿಗೆ ಹೃದಯದ ತೊಂದರೆ ಇದ್ದ ಒಬ್ಬ ಯುವತಿ ಬಂದಳು. ಆಗೆಲ್ಲ ಡಾಕ್ಟ್ರು ರೋಗಿಯ ಎದೆಗೆ ನೇರ ಕಿವಿ ಇಟ್ಟು ಕೇಳುತ್ತಿದ್ದರು. ಇಲ್ಲಿ ಅದು ಸರಿಯಲ್ಲ ಅನಿಸಿ ಅವರು ಕಾಗದ ಸುರುಳಿ ಸುತ್ತಿ ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟರು. ನೇರ ಕಿವಿ ಇಟ್ಟಾಗಿಗಿಂತ ಚೆನ್ನಾಗಿ ಕೇಳಿಸಿತು. ಸ್ಟೆತಸ್ಕೋಪ್ ಹುಟ್ಟಿದ್ದು ಹೀಗೆ. ಡಾಕ್ಟ್ರಿಗೂ ರೋಗಿಗೂ ನಡುವೆ ಬಂದ ಆ ಒಂದು ಮೊಳದ ಅಂತರದಿಂದ ಇಬ್ಬರಿಗೂ ಲಾಭವೇ ಆಯಿತು. ಹಾಗಾಗಿ ಉಪಕರಣ ಬಂತು, ಮನುಷ್ಯತ್ವ ಹೋಯಿತು ಅನ್ನುವ ರಾಗ ನನಗೆ ಒಪ್ಪಿಗೆ ಇಲ್ಲ.

ಈಗಿನ ಅಂತರ ಬೇರೆ ರೀತಿಯದು. ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟ್ರುಗಳ ಹಿಂದೆ ನಿಂತು ಸಮಯ ಅಳೆದರು. 2013ರಲ್ಲಿ ಬಂದ ಆ ಲೆಕ್ಕದ ಪ್ರಕಾರ ಅವರ ಹೊತ್ತಿನಲ್ಲಿ ನೂರಕ್ಕೆ 12 ಪಾಲು ರೋಗಿಯ ಜೊತೆ, 40 ಪಾಲು ಕಂಪ್ಯೂಟರ್ ಮುಂದೆ. 2016ರಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ ಬಂತು. ರೋಗಿಗಳ ಜೊತೆ ಒಂದು ಗಂಟೆ ಕಳೆದರೆ ದಾಖಲೆ ತುಂಬಿಸಲು, ಮೇಜಿನ ಕೆಲಸಕ್ಕೆ ಹತ್ತಿರಹತ್ತಿರ ಎರಡು ಗಂಟೆ ಹೋಗುತ್ತದೆ ಅಂತ ಅದು ಹೇಳಿತು. ಮುಟ್ಟಲು ಡಾಕ್ಟ್ರಿಗೆ ಮನಸ್ಸಿಲ್ಲ ಅಂತ ಬೈಯುವ ಮೊದಲು ಇದನ್ನೂ ನೋಡಬೇಕು ಅಲ್ವಾ? ಬೆರಳು ಕೀಬೋರ್ಡ್ ಮೇಲಿದ್ದರೆ ಮಣಿಕಟ್ಟು ಹಿಡಿಯುವುದು ಹೇಗೆ?

ಚರ್ಮದಿಂದ ಮಿದುಳಿಗೆ ಎರಡು ದಾರಿ

ಇನ್ನು ಸಮಾಧಾನದ ವಿಷಯ. ನಮ್ಮ ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ದಪ್ಪ ನರಗಳು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಎಲ್ಲಿ ತಗುಲಿತು, ಎಷ್ಟು ಒತ್ತಿತು, ನುಣುಪೋ ಒರಟೋ ಅನ್ನುವುದು ಅವುಗಳ ಕೆಲಸ. ಇನ್ನೊಂದು ಬಗೆಯ ನರಗಳು ತೆಳ್ಳಗಿವೆ, ಸೆಕೆಂಡಿಗೆ ಒಂದು ಮೀಟರ್ ಆಸುಪಾಸಿನ ನಿಧಾನ. ಸಿ-ಟ್ಯಾಕ್ಟೈಲ್ ಅಂತ ಇವುಗಳ ಹೆಸರು. ತೋಳು, ಬೆನ್ನಿನಂಥ ರೋಮ ಇರುವ ಚರ್ಮದಲ್ಲಿ ಇವು ಜಾಸ್ತಿ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಸವರಿದಾಗ, ಅದೂ ಸವರುವ ವಸ್ತು ಮೈಯಷ್ಟೇ ಬೆಚ್ಚಗಿದ್ದಾಗ, ಇವು ಚೆನ್ನಾಗಿ ಎಚ್ಚರಗೊಳ್ಳುತ್ತವೆ.

ಕಾಯಿಲೆಯಿಂದ ದಪ್ಪ ನರಗಳನ್ನು ಕಳೆದುಕೊಂಡ ಒಬ್ಬ ರೋಗಿಯನ್ನು ಸ್ವೀಡನ್ನಿನ ಹೋಕನ್ ಓಲಾಸನ್ ತಂಡ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿತು. ಮಾಮೂಲಿ ಸ್ಪರ್ಶ ಆ ರೋಗಿಗೆ ತಿಳಿಯುತ್ತಿರಲಿಲ್ಲ. ಆದರೂ ತೋಳಿನ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಸವರಿದರೆ ಏನೋ ಹಿತವಾದದ್ದು ಆಗುತ್ತಿದೆ ಅಂತ ಮಸುಕಾಗಿ ಗೊತ್ತಾಗುತ್ತಿತ್ತು. ಮಿದುಳಿನಲ್ಲಿ ಆಗ ಎಚ್ಚರಗೊಂಡದ್ದು ಇನ್ಸುಲಾ ಅನ್ನುವ ಭಾಗ, ಭಾವನೆಗಳ ಜೊತೆ ನಂಟಿರುವಂಥದ್ದು. ಸ್ಪರ್ಶದ ಹಿತ ಅನ್ನುವುದಕ್ಕೆ ಮೈಯಲ್ಲಿ ತನ್ನದೇ ಆದ ವ್ಯವಸ್ಥೆ ಇದೆ ಅಂತ ಇದರಿಂದ ತಿಳಿಯಿತು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಡಾಕ್ಟ್ರು ನಮ್ಮನ್ನು ಸವರುವುದಿಲ್ಲ, ಒತ್ತುತ್ತಾರೆ, ತಟ್ಟುತ್ತಾರೆ, ಹಿಡಿದು ತಿರುಗಿಸುತ್ತಾರೆ. ಆ ನಿಧಾನದ ನರಗಳೇ ಇಲ್ಲಿ ಕೆಲಸ ಮಾಡುತ್ತವೆ ಅಂತ ಹೇಳಲು ಬರುವುದಿಲ್ಲ. ಮುಟ್ಟಿದ ಕೂಡಲೇ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಹರಿದು ಎಲ್ಲ ಸರಿಹೋಗುತ್ತದೆ ಅಂತ ಮೊಬೈಲಿನಲ್ಲಿ ಬರುವ ವಿಡಿಯೋಗಳನ್ನಂತೂ ನಂಬಿಕೊಂಡು ಕೂರಬೇಡಿ. ವಿಷಯ ಅಷ್ಟು ಸಲೀಸಲ್ಲ.

ಹೆಚ್ಚು ಗಟ್ಟಿಯಾಗಿ ಹೇಳಬಹುದಾದ್ದು ಭಯದ ಬಗ್ಗೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮದುವೆಯಾದ 16 ಹೆಂಗಸರು ಇದ್ದರು. ಸ್ಕ್ಯಾನರಿನಲ್ಲಿ ಮಲಗಿದ್ದಾಗ ಅವರಿಗೆ ಸಣ್ಣ ಶಾಕ್ ಬರಬಹುದು ಅಂತ ಸೂಚನೆ ಕೊಡುತ್ತಿದ್ದರು. ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಅಪಾಯದ ಗಂಟೆ ಚೆನ್ನಾಗಿ ತಗ್ಗಿತು. ಅಪರಿಚಿತರ ಕೈ ಹಿಡಿದಾಗಲೂ ತಗ್ಗಿತು, ಅಷ್ಟು ಅಲ್ಲದಿದ್ದರೂ. ಡಾಕ್ಟ್ರು ಗಂಡನೂ ಅಲ್ಲ, ಪೂರ್ತಿ ಅಪರಿಚಿತರೂ ಅಲ್ಲ. ಸ್ಪರ್ಶದ ಬಗ್ಗೆ ನಡೆದ 137 ಅಧ್ಯಯನಗಳ ಅಂಕಿಗಳನ್ನು 2024ರಲ್ಲಿ ಒಟ್ಟುಹಾಕಿ ನೋಡಿದಾಗ ನೋವು, ಆತಂಕ, ಖಿನ್ನತೆ ಕಡಿಮೆಯಾದದ್ದು ಕಂಡಿತು. ದೊಡ್ಡವರಲ್ಲಿ ಮುಟ್ಟಿದವರು ನಂಟರೋ ಆಸ್ಪತ್ರೆಯವರೋ ಅನ್ನುವುದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ತುಂಬ ಹೊತ್ತು ಮುಟ್ಟುವುದಕ್ಕಿಂತ ಪದೇ ಪದೇ ಮುಟ್ಟುವುದು ಮೇಲು ಅಂತಲೂ ಕಂಡಿತು. ಅದರಲ್ಲಿ ಬಹಳಷ್ಟು ಮಸಾಜಿನ ಅಧ್ಯಯನಗಳು ಅನ್ನುವುದು ನೆನಪಿರಲಿ.

ನನಗೆ ತುಂಬ ಹಿಡಿಸಿದ್ದು 2008ರ ಒಂದು ಪ್ರಯೋಗ. ಅಮೆರಿಕದ ಸಂಶೋಧಕ ಟೆಡ್ ಕಾಪ್‌ಚುಕ್ ತಂಡ ಪದೇ ಪದೇ ಕರುಳು ಕೆಡುವ ಐಬಿಎಸ್ ತೊಂದರೆಯ 262 ಜನರನ್ನು ಮೂರು ಗುಂಪು ಮಾಡಿತು. ಒಂದು ಗುಂಪನ್ನು ಸುಮ್ನೆ ಕಾಯಿಸಿದರು. ಇನ್ನೊಂದಕ್ಕೆ ಚುಚ್ಚದೇ ಚುಚ್ಚಿದಂತೆ ಕಾಣುವ ಸುಳ್ಳು ಸೂಜಿ ಚಿಕಿತ್ಸೆ, ಮಾತು ಕಡಿಮೆ. ಮೂರನೆಯದಕ್ಕೆ ಅದೇ ಸುಳ್ಳು ಸೂಜಿ, ಜೊತೆಗೆ ಪ್ರೀತಿಯ ಮಾತು, ಕಿವಿಗೊಟ್ಟು ಕೇಳುವುದು. ನಾಡಿ ಹಿಡಿದು ಅಥವಾ ಯೋಚನೆ ಮಾಡುತ್ತಾ 20 ಸೆಕೆಂಡ್ ಸುಮ್ಮನಿರಬೇಕು ಅನ್ನುವುದು ಕೂಡ ಚಿಕಿತ್ಸೆ ಕೊಡುವವರಿಗೆ ಬರೆದುಕೊಟ್ಟ ಸೂಚನೆಯಲ್ಲಿತ್ತು. ಸಾಕಷ್ಟು ವಾಸಿ ಅಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡರಲ್ಲಿ 44, ಮೂರರಲ್ಲಿ 62. ಇಲ್ಲಿ ಸ್ಪರ್ಶದ ಪಾಲೆಷ್ಟು, ಮಾತಿನ ಪಾಲೆಷ್ಟು ಅಂತ ಬಿಡಿಸಲು ಆಗುವುದಿಲ್ಲ. ನಿಜವಾದ ಕ್ಲಿನಿಕ್ಕಿನಲ್ಲೂ ಆಗುವುದಿಲ್ಲ. ಕೈಗುಣ ಅಂತ ಜನ ಹೊಗಳುವ ಡಾಕ್ಟ್ರು ಬಹುಶಃ ಇವೆರಡನ್ನೂ ಒಟ್ಟಿಗೆ ಮಾಡುವವರು.

ಬಾಯಿ ಬಿಡಿಸುವುದು ಅಂದೆನಲ್ಲ, ಅದು ನಡೆಯುವುದೂ ಇಂಥ ಮೌನದಲ್ಲೇ. ಮೇಜಿನ ಆಚೆಈಚೆ ಎದುರುಬದುರು ಕೂತಾಗ ಸಂದರ್ಶನದಂತಿರುತ್ತದೆ. ಮಂಚದ ಮೇಲೆ ಮಲಗಿ, ಡಾಕ್ಟ್ರು ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರೆಳೆಯಲು ಹೇಳುವಾಗ ಅವರ ಪ್ರಶ್ನೆಗಳು ನಿಂತಿರುತ್ತವೆ. ಆಗ ರೋಗಿ ಮೇಲೆ ನೋಡಿಕೊಂಡು, "ಡಾಕ್ಟ್ರೇ, ಇನ್ನೊಂದು ವಿಷಯ ಹೇಳೋದು ಬಿಟ್ಟಿದ್ದೆ" ಅಂತ ಶುರು ಮಾಡುತ್ತಾರೆ. ಮಲದಲ್ಲಿ ರಕ್ತ ಕಂಡದ್ದು, ಕುಡಿತ ಜಾಸ್ತಿಯಾದದ್ದು, ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿಬಿಟ್ಟದ್ದು. ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ. ಮುಟ್ಟುವುದರ ಬೆಲೆ ಲೆಕ್ಕ ಹಾಕುವಾಗ ಇದನ್ನು ಸೇರಿಸದೇ ಬಿಡುವುದು ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ.

ಎಲ್ಲವನ್ನೂ ಮುಟ್ಟಬೇಕೆಂದಿಲ್ಲ

ಹಾಗಂತ ಹುಷಾರಾಗಿರುವವರನ್ನು ವರ್ಷವರ್ಷ ತಲೆಯಿಂದ ಕಾಲಿನವರೆಗೆ ಒತ್ತಿ ನೋಡಿದರೆ ಆಯುಷ್ಯ ಹೆಚ್ಚುತ್ತದೆಯೇ? ಸಾಕ್ಷ್ಯ ಹಾಗೆ ಹೇಳುವುದಿಲ್ಲ. ಮಾಮೂಲಿ ಆರೋಗ್ಯ ತಪಾಸಣೆಯ ಬಗ್ಗೆ 2.5 ಲಕ್ಷ ಜನರನ್ನು ಒಳಗೊಂಡ 17 ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ನೋಡಿದಾಗ ಸಾವಿನ ಸಂಖ್ಯೆಯಲ್ಲಿ ಇಳಿಕೆ ಕಾಣಲಿಲ್ಲ. ಯಾವ ತೊಂದರೆಯೂ ಇಲ್ಲದವರ ಕುತ್ತಿಗೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಹುಡುಕಬೇಡಿ ಅಂತ ಅಮೆರಿಕದ ತಜ್ಞರ ಸಮಿತಿ 2017ರಲ್ಲಿ ಹೇಳಿತು. ಯಾವತ್ತೂ ತೊಂದರೆ ಕೊಡದಂಥ ಸಣ್ಣ ಗಂಟು ಕೈಗೆ ಸಿಕ್ಕಿ, ಸೂಜಿ ಹಾಕಿ, ಆಪರೇಷನ್‌ವರೆಗೆ ಹೋಗುವುದು ಲಾಭಕ್ಕಿಂತ ನಷ್ಟ ಅಂತ ಅದರ ಲೆಕ್ಕ. ನೋವು, ಊತ, ಸುಸ್ತು, ಏನೋ ಒಂದು ದೂರು ಹೊತ್ತು ಬಂದವರ ಮೈ ಮುಟ್ಟುವುದು ಬೇರೆ, ದೂರಿಲ್ಲದವರಲ್ಲಿ ಹುಡುಕುವುದು ಬೇರೆ.

ಸ್ಪರ್ಶದ ಹೆಸರಿನಲ್ಲಿ ಮಂತ್ರದಂಥದ್ದು ಮಾರುವವರೂ ಇದ್ದಾರೆ. ಮೈ ಮುಟ್ಟದೆ, ಮೇಲೆ ಕೈಯಾಡಿಸಿ ಶಕ್ತಿ ಸರಿಪಡಿಸುತ್ತೇವೆ ಅನ್ನುವ ಒಂದು ಪದ್ಧತಿಯನ್ನು ಅಮೆರಿಕದ ಎಮಿಲಿ ರೋಸಾ ಅನ್ನುವ ಹುಡುಗಿ ತನ್ನ 9ನೇ ವಯಸ್ಸಿನಲ್ಲಿ ಪರೀಕ್ಷೆಗೆ ಹಾಕಿದಳು. ಪರದೆಯ ಹಿಂದೆ ಅವಳ ಕೈ ಅವರ ಯಾವ ಅಂಗೈ ಮೇಲಿದೆ ಅಂತ ಆ ಚಿಕಿತ್ಸೆ ಕೊಡುವ 21 ಜನ ಹೇಳಬೇಕಿತ್ತು. ಸರಿ ಹೇಳಿದ್ದು ನೂರಕ್ಕೆ 44 ಸಲ. ನಾಣ್ಯ ಚಿಮ್ಮಿದ್ದರೂ ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು! 1998ರಲ್ಲಿ ಅದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟವಾಯಿತು.

ಮುಟ್ಟುವ ಕೈ ರೋಗವನ್ನೂ ಹೊತ್ತೊಯ್ಯಬಲ್ಲದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಡಾಕ್ಟ್ರುಗಳಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಡಾಕ್ಟ್ರು ನಿಮ್ಮೆದುರೇ ಕೈ ತೊಳೆದರೆ ಅದು ಪರೀಕ್ಷೆಯ ಮೊದಲ ಹೆಜ್ಜೆ. ತೊಳೆಯದಿದ್ದರೆ ಕೇಳಬಹುದು, ತಪ್ಪೇನಿಲ್ಲ.

ಒಪ್ಪಿಗೆಯೂ ಹಾಗೆಯೇ. ಎಲ್ಲರಿಗೂ ಸ್ಪರ್ಶ ಹಿತವಲ್ಲ. ಹಿಂದೆ ದೌರ್ಜನ್ಯ ಅನುಭವಿಸಿದವರಿಗೆ, ಮುಟ್ಟಿದರೆ ಮೈ ಮುದುಡುವವರಿಗೆ ಅದೇ ಹಿಂಸೆಯಾಗಬಹುದು. "ಈಗ ಹೊಟ್ಟೆಯ ಬಲಗಡೆ ಒತ್ತುತ್ತೇನೆ, ನೋವಾದರೆ ಹೇಳಿ, ನಿಲ್ಲಿಸುತ್ತೇನೆ" ಅಂತ ಮುಂಚೆಯೇ ಹೇಳಿ ಮುಟ್ಟುವುದಕ್ಕೂ ಏನೂ ಹೇಳದೆ ಬಟ್ಟೆ ಸರಿಸುವುದಕ್ಕೂ ಅಜಗಜಾಂತರ. ಖಾಸಗಿ ಅಂಗಗಳ ಪರೀಕ್ಷೆ ಇದ್ದರೆ ಜೊತೆಗೆ ಇನ್ನೊಬ್ಬರು ಇರಲಿ ಅಂತ ಕೇಳುವ ಹಕ್ಕು ರೋಗಿಗಿದೆ. ಬೇಡ ಅನ್ನುವ ಹಕ್ಕೂ ಇದೆ.

ವಿಡಿಯೋ ಕಾಲ್ ಡಾಕ್ಟ್ರು ಬಂದ ಮೇಲೆ ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಬೇಡ ಅನ್ನುವ ಗೊಂದಲ ಹೊಸದಾಗಿ ಸೇರಿದೆ. ಹಳೆಯ ಮಾತ್ರೆ ಮುಂದುವರಿಸಲು, ರಿಪೋರ್ಟ್ ವಿವರಿಸಿಕೊಳ್ಳಲು ಫೋನೇ ಸಾಕು. ಆದರೆ ದೂರನ್ನು ಬೆರಳಿಟ್ಟು ತೋರಿಸಬಹುದಾದರೆ, ಅಂದರೆ ಇಲ್ಲಿ ನೋವು, ಇಲ್ಲಿ ಗಂಟು, ಇಲ್ಲಿ ಊತ ಅನ್ನುವಂತಿದ್ದರೆ, ನೇರ ಹೋಗುವುದೇ ಸರಿ. ಹೊಸದಾಗಿ ಶುರುವಾದ ಹೊಟ್ಟೆನೋವು, ಏದುಸಿರು, ಎದೆ ಬಡಿತ ಇದ್ದರಂತೂ ಕ್ಯಾಮೆರಾ ಮುಂದೆ ಹೊತ್ತು ಕಳೆಯಬೇಡಿ. ಹೋದಾಗ ಸುಲಭವಾಗಿ ಸರಿಸಬಹುದಾದ ಬಟ್ಟೆ ಹಾಕಿಕೊಂಡಿರಿ. ಸಕ್ಕರೆ ಕಾಯಿಲೆ ಇದ್ದರೆ ಕರೆಯುವ ಮೊದಲೇ ಸಾಕ್ಸ್ ಬಿಚ್ಚಿ ಕೂತಿರಿ. ಡಾಕ್ಟ್ರು ನೋಡದೆ ಚೀಟಿ ಬರೆಯಲು ಹೊರಟರೆ, "ಡಾಕ್ಟ್ರೇ, ಒಂದ್ಸಲ ಇಲ್ಲಿ ಒತ್ತಿ ನೋಡ್ತೀರಾ?" ಅಂತ ಕೇಳಿ. ಹೆಚ್ಚಿನವರು ಪೆನ್ನು ಕೆಳಗಿಟ್ಟು ಏಳುತ್ತಾರೆ.